ಹಳೆಯ ಕ್ರಾಸ್ ಹೇಳುವುದನ್ನು ಕೇಳಿದ ಮೇಲೆಯೇ ಹೊಸದು

ಗೇರ್ ಹಾಕಿ ಕ್ಲಚ್ ಬಿಡುವಾಗ ಗಾಡಿಯ ಅಡಿಯಿಂದ ಒಮ್ಮೆ 'ಟಕ್' ಎಂಬ ಗಡುಸಾದ ಸದ್ದು ಬಂದು, ರಿವರ್ಸ್ ಗೇರಿಗೆ ಹಾಕಿದಾಗಲೂ ಅದೇ ಕೇಳಿಸಿದರೆ, ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗುವಿಕೆಯನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಜಾಯಿಂಟಿನಲ್ಲಿರುವ ನಾಲ್ಕು ಕೈಗಳ ತುಂಡು, ಸವೆದಿರಬಹುದೆಂದು ಮೊದಲು ಶಂಕಿಸಬೇಕು. ನಮ್ಮ ಕಾಕಾನ ಟ್ರಕ್ ಸುಗ್ಗಿಯ ದಿನಗಳಲ್ಲಿ ಜೇವರ್ಗಿ ಕಡೆಯ ಹಳ್ಳಿಗಳಿಂದ ಕಲಬುರಗಿಯ ದಾಲ್ ಮಿಲ್ಲುಗಳಿಗೆ ತೊಗರಿ ಚೀಲ ಹೊರುತ್ತದೆ. ಉಳಿದ ದಿನಗಳಲ್ಲಿ ಶಹಾಬಾದಿನಿಂದ ಹಾಸುಗಲ್ಲು ತರುತ್ತದೆ. "ಗಾಡಿ ಎತ್ತುವಾಗ ಹಿಂದ ಟಕ್ ಅಂತದ, ಒಮ್ಮಿ ನೋಡು" ಎಂದು ಕಾಕಾ ಹೇಳಿದ ಮೇಲೆ, ಶಾಫ್ಟಿನ ಎರಡೂ ತುದಿಯ ಕ್ರಾಸ್‌ಗಳನ್ನು ಮನೆಯ ಅಂಗಳದಲ್ಲಿಯೇ ಬದಲಾಯಿಸಿದೆವು. ಬೆಂಚ್ ವೈಸ್, ಸರ್ಕ್ಲಿಪ್ ಪ್ಲೈಯರ್, ಪಾನಾ ಸೆಟ್ಟು ಮತ್ತು ಗ್ರೀಸ್ ಗನ್ ಇದ್ದವರು ಯಾರಾದರೂ ಮಾಡಬಹುದಾದ ಕೆಲಸವಿದು. ಆದರೆ ಹೊಸದನ್ನು ಕೂರಿಸುವ ಅವಸರದಲ್ಲಿ ಹಳೆಯದನ್ನು ಪರೀಕ್ಷಿಸದೆ ಗುಜರಿಗೆ ಎಸೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸದ್ದು ಕೇಳಿದ ಮಾತ್ರಕ್ಕೆ ಕ್ರಾಸ್ ತರಲು ಅಂಗಡಿಗೆ ಹೋಗಬಾರದು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಟ್ಟಿಗೆಯ ದಿಮ್ಮಿ ಇಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಶಾಫ್ಟನ್ನು ಒಂದು ಕೈಯಲ್ಲಿಯೂ ಪಕ್ಕದ ಯೋಕನ್ನು (ಕ್ರಾಸನ್ನು ಹಿಡಿದಿರುವ ಕವಲು ತುಂಡನ್ನು) ಇನ್ನೊಂದು ಕೈಯಲ್ಲಿಯೂ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ ನೋಡಬೇಕು. ಕ್ರಾಸಿನ ಕೈಯ ತುದಿಗೆ ಮುಚ್ಚಳದಂತೆ ಕೂರುವ, ಒಳಗೆ ಸೂಜಿ ರೋಲರ್‌ಗಳಿರುವ ಬಟ್ಟಲಾದ ಕಪ್ಪಿಗೂ ಕ್ರಾಸಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಆ ಜಾಯಿಂಟ್ ಮುಗಿದಿದೆ ಎಂದರ್ಥ. ಎರಡೂ ಯೋಕ್‌ಗಳು ಒಟ್ಟಿಗೇ ಅಲುಗಾಡಿದರೆ ಆಟ ಹಿಂದಿನ ಆಕ್ಸಲಿನ ನಡುವಿರುವ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್ಲಿನ ಒಳಗಿದೆ. ಅದನ್ನು ಕ್ರಾಸ್ ಬದಲಿಸಿ ಸರಿಪಡಿಸಲಾಗದು. ಕಪ್ಪುಗಳ ಸೀಲಿನ ಸುತ್ತ ಕೆಂಪಗಿನ ತುಕ್ಕಿನ ಪುಡಿ ಅಂಟಿಕೊಂಡಿದ್ದರೆ ಒಳಗೆ ಗ್ರೀಸ್ ಇಲ್ಲವೆಂದು ತಿಳಿಯಬೇಕು.

ದಿಮ್ಮಿಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಶಾಫ್ಟ್ ಕಳಚಿದ ಕ್ಷಣದಿಂದ ಗೇರ್ ಹಾಕಿಟ್ಟರೂ ಗಾಡಿ ನಿಲ್ಲುವುದಿಲ್ಲ, ಏಕೆಂದರೆ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಹ್ಯಾಂಡ್ ಬ್ರೇಕ್ ಗೇರ್ ಬಾಕ್ಸಿನ ಹಿಂಭಾಗದಲ್ಲಿರುವ ಗಾಡಿಗಳಲ್ಲಿ ಆ ಬ್ರೇಕೂ ಆಗ ಉಪಯೋಗಕ್ಕೆ ಬಾರದು. ನಮ್ಮ ಭಾಗದ ಅಂಗಳಗಳಲ್ಲಿ ಸಾಮಾನ್ಯವಾಗಿ ಶಹಾಬಾದ್ ಕಲ್ಲು ಹಾಸಿರುತ್ತದೆ. ಪದರುಪದರಾದ ಸುಣ್ಣದ ಕಲ್ಲಾದ್ದರಿಂದ ಜಾಕಿನ ಭಾರ ಒಂದೇ ಜಾಗದಲ್ಲಿ ಬಿದ್ದರೆ ಬಿರುಕು ಬಿಡುತ್ತದೆ. ಜಾಕಿನ ಕೆಳಗೆ ದಪ್ಪ ಹಲಗೆ ಕೊಟ್ಟು, ಎತ್ತಿದ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಇಳಿಸಿದ ನಂತರವೇ ಅಡಿಗೆ ಹೋಗಬೇಕು.

ಬೋಲ್ಟ್ ಸಡಿಲಿಸುವ ಮುನ್ನ ಎರಡೂ ತುದಿಯ ಫ್ಲ್ಯಾಂಜ್‌ಗಳ (ಬೋಲ್ಟ್ ಕೂರುವ ಚಪ್ಪಟೆ ಅಂಚುಗಳ) ಮೇಲೆ ಮತ್ತು ಶಾಫ್ಟಿನ ಜಾರುವ ಸ್ಪ್ಲೈನ್ (ಉದ್ದುದ್ದ ಹಲ್ಲುಗಳ ಜೋಡಣೆ) ಭಾಗದ ಎರಡೂ ಬದಿಯಲ್ಲಿ ಪೇಂಟಿನಿಂದ ಗುರುತು ಹಾಕುವುದು ಅತ್ಯಗತ್ಯ. ಇದಕ್ಕೆ ಕಾರಣ ಜಾಯಿಂಟಿನ ಸ್ವಭಾವದಲ್ಲೇ ಇದೆ. 16ನೇ ಶತಮಾನದ ಇಟಲಿಯ ಕಾರ್ಡಾನೊ ಮತ್ತು 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳೊಂದಿಗೆ ಗುರುತಿಸಲಾಗುವ ಈ ಜಾಯಿಂಟ್, ಕೋನದಲ್ಲಿ ತಿರುಗುವಾಗ ವೇಗವನ್ನು ಸಮನಾಗಿ ದಾಟಿಸುವುದಿಲ್ಲ. ಒಂದು ಬದಿ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಇನ್ನೊಂದು ಬದಿ ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಕೋನ 10 ಡಿಗ್ರಿ ಇದ್ದಾಗ ಈ ಏರಿಳಿತ ಎರಡೂ ಕಡೆಗೆ ಸುಮಾರು ಶೇ. 1.5ರಷ್ಟಿದ್ದರೆ, 20 ಡಿಗ್ರಿಯಲ್ಲಿ ಶೇ. 6ನ್ನು ಮುಟ್ಟುತ್ತದೆ. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ನೇರದಲ್ಲಿದ್ದು ಎರಡೂ ಕಡೆಯ ಕೋನ ಸಮನಾಗಿದ್ದಾಗ ಮುಂದಿನ ಜಾಯಿಂಟಿನ ಏರಿಳಿತವನ್ನು ಹಿಂದಿನದು ಅಳಿಸಿಹಾಕುತ್ತದೆ. ಸ್ಪ್ಲೈನನ್ನು ಬೇರೆ ಹಲ್ಲಿಗೆ ಜೋಡಿಸಿದರೆ ಯೋಕ್‌ಗಳ ನೇರ ತಪ್ಪಿ ಗಾಡಿ ನಡುಗಲು ತೊಡಗುತ್ತದೆ, ಹೊಸ ಕ್ರಾಸ್‌ಗಳೂ ಬೇಗನೆ ಹಾಳಾಗುತ್ತವೆ.

ಬೋಲ್ಟ್ ಬಿಚ್ಚುವಾಗ ಶಾಫ್ಟಿಗೆ ಆಧಾರ ಕೊಟ್ಟಿರಬೇಕು. ಒಂದೇ ತುದಿಯಲ್ಲಿ ನೇತಾಡಲು ಬಿಡಬಾರದು. ಕೆಳಗಿಳಿಸಿದ ಮೇಲೆ ವೈಸಿನ ಹಿಡಿತಕ್ಕೆ ಯೋಕನ್ನು ಕೊಡಬೇಕೇ ಹೊರತು ಕೊಳವೆಯನ್ನಲ್ಲ. ಕೊಳವೆಯ ಗೋಡೆ ತೆಳುವಾಗಿದ್ದು, ಒಂದು ಸಣ್ಣ ತಗ್ಗು ಬಿದ್ದರೂ ಶಾಫ್ಟಿನ ಸಮತೋಲ ಕೆಡುತ್ತದೆ. ಅದರ ಮೇಲೆ ಬೆಸೆದಿರುವ ಪುಟ್ಟ ತಗಡಿನ ತುಂಡುಗಳು ಬ್ಯಾಲೆನ್ಸಿಗಾಗಿಯೇ ಇಟ್ಟವಾದ್ದರಿಂದ ಅವನ್ನು ಕೀಳಬಾರದು. ಕಪ್ಪುಗಳು ಜಾರದಂತೆ ಹಿಡಿದಿರುವ ಸರ್ಕ್ಲಿಪ್ಪುಗಳ ಸುತ್ತಲಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದಷ್ಟು ಹೊತ್ತು ಕಾಯುವುದು ಲೇಸು. ಕ್ಲಿಪ್ಪು ತೆಗೆದ ಬಳಿಕ ಕಪ್ಪಿಗಿಂತ ಸಣ್ಣದಾದ ಸಾಕೆಟ್ಟನ್ನು ಒಂದು ಬದಿಗೂ ಕಪ್ಪು ಒಳಗೆ ಇಳಿಯುವಷ್ಟು ದೊಡ್ಡ ಸಾಕೆಟ್ಟನ್ನು ಎದುರು ಬದಿಗೂ ಇಟ್ಟು ವೈಸ್ ಬಿಗಿದರೆ ಕಪ್ಪು ಸುತ್ತಿಗೆಯ ಹೊಡೆತವಿಲ್ಲದೆ ಹೊರಬರುತ್ತದೆ.

ಹಳೆಯ ಕ್ರಾಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಅದರ ನಾಲ್ಕು ಕೈಗಳೂ ನಾಲ್ಕು ಬಗೆಯ ಸಾಕ್ಷ್ಯ ನುಡಿಯುತ್ತವೆ. ಸೂಜಿ ರೋಲರ್‌ಗಳ ಅಂತರಕ್ಕೆ ಸರಿಯಾಗಿ ಉದ್ದುದ್ದ ಗೀರುಗಳು ಒತ್ತಿಕೊಂಡಿದ್ದರೆ, ಮಿತಿಮೀರಿದ ಭಾರವನ್ನೋ ಜೋರಾಗಿ ಕ್ಲಚ್ ಬಿಡುವ ಅಭ್ಯಾಸವನ್ನೋ ಅನುಮಾನಿಸಬೇಕು. ಮೇಲ್ಮೈ ಹಕ್ಕಳೆಯೆದ್ದು ತುಕ್ಕು ಹಿಡಿದಿದ್ದರೆ ಸೀಲಿನೊಳಗೆ ನೀರು ಸೇರಿದೆ. ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಗ್ರೀಸಿಲ್ಲದೆ ಕಾದಿದೆ. ಕೈಗಳ ತುದಿ ಮಾತ್ರ ಉಜ್ಜಿ ತಿಂದುಹೋಗಿದ್ದರೆ ಯೋಕ್ ಬಾಗಿದೆಯೇ ಎಂದು ಪರೀಕ್ಷಿಸಬೇಕು.

ಕಾಕಾನ ಗಾಡಿಯ ಹಿಂದಿನ ಕ್ರಾಸಿನಲ್ಲಿ ಎದುರುಬದುರಾದ ಎರಡು ಕೈಗಳು ಹೊಳಪಾಗಿಯೇ ಇದ್ದವು. ಮಿಕ್ಕ ಎರಡು ತುಕ್ಕು ಹಿಡಿದು ಗೀರುಬಿದ್ದಿದ್ದವು. ಗ್ರೀಸ್ ಹಾಕಿಲ್ಲವೆಂಬುದು ಇದರ ಅರ್ಥವಲ್ಲ. ಕಾಕಾ ತಪ್ಪದೆ ಗ್ರೀಸ್ ಹೊಡೆಯುತ್ತಿದ್ದರು, ಆದರೆ ಅದು ಎರಡು ಕಪ್ಪುಗಳಿಗೆ ಮಾತ್ರ ಹೋಗುತ್ತಿತ್ತು. ಇನ್ನೆರಡರ ದಾರಿಯಲ್ಲಿ ಒಣಗಿದ ಗ್ರೀಸ್ ಎರೆಮಣ್ಣಿನೊಂದಿಗೆ ಬೆರೆತು ಗಟ್ಟಿಯಾಗಿ ಕುಳಿತಿತ್ತು. ಮಳೆಗಾಲದಲ್ಲಿ ನಮ್ಮ ಹೊಲದ ದಾರಿಗಳ ಕಪ್ಪು ಮಣ್ಣು ಶಾಫ್ಟಿಗೆ ಮೆತ್ತಿಕೊಳ್ಳುತ್ತದೆ, ಅದನ್ನು ತೆಗೆಯಲು ಸರ್ವಿಸ್ ಸ್ಟೇಷನ್ನಿನಲ್ಲಿ ಒತ್ತಡದ ನೀರು ಬಿಡುತ್ತಾರೆ, ಆ ನೀರು ಸೀಲಿನ ತುಟಿಯನ್ನು ದಾಟಿ ಒಳಗೆ ನಿಲ್ಲುತ್ತದೆ. ಈ ಕಾರಣ ತಿಳಿಯದೆ ಹೊಸ ಕ್ರಾಸ್ ಹಾಕಿದ್ದರೆ ಅದಕ್ಕೂ ಇದೇ ಗತಿಯಾಗುತ್ತಿತ್ತು.

ಜೋಡಿಸುವ ಮೊದಲು ಯೋಕಿನ ರಂಧ್ರಗಳನ್ನೂ ಕ್ಲಿಪ್ಪು ಕೂರುವ ತೋಡುಗಳನ್ನೂ ಶುಚಿಗೊಳಿಸಬೇಕು. ಹೊಸ ಕಪ್ಪು ಬೆರಳಿನಿಂದ ತಳ್ಳಿದಷ್ಟಕ್ಕೆ ಸಡಿಲವಾಗಿ ಜಾರಿದರೆ ಯೋಕೇ ಸವೆದಿದೆ. ಅಂಥ ಶಾಫ್ಟನ್ನು ಬ್ಯಾಲೆನ್ಸ್ ಮಾಡುವ ಯಂತ್ರವಿರುವ ವರ್ಕ್‌ಶಾಪಿಗೆ ಒಯ್ಯುವುದೇ ಸರಿ. ಕಪ್ಪುಗಳನ್ನು ಕೂರಿಸುವಾಗ ಸೂಜಿಗಳು ಗ್ರೀಸಿನಲ್ಲಿ ನೆಟ್ಟಗೆ ನಿಂತಿರಬೇಕು, ಕ್ರಾಸಿನ ಕೈ ಕಪ್ಪಿನೊಳಗೆ ಹೊಕ್ಕ ಸ್ಥಿತಿಯಲ್ಲಿಯೇ ಕಪ್ಪನ್ನು ಒತ್ತಬೇಕು. ಕ್ಲಿಪ್ಪು ತೋಡಿನಲ್ಲಿ ಕೂರದಿದ್ದರೆ ಬಲಪ್ರಯೋಗ ಬೇಡ. ಒಂದು ಸೂಜಿ ತಳಕ್ಕೆ ಬಿದ್ದು ಅಡ್ಡಗಟ್ಟಿರುತ್ತದೆ, ಕಪ್ಪನ್ನು ಹೊರತೆಗೆದು ನೋಡಲೇಬೇಕು. ಕ್ಲಿಪ್ಪುಗಳು ಕುಳಿತ ಬಳಿಕ ಹಿತ್ತಾಳೆಯ ಸುತ್ತಿಗೆಯಿಂದ ಯೋಕನ್ನು ಮೆಲ್ಲಗೆ ತಟ್ಟಿದರೆ ಬಿಗಿ ಸಡಿಲಾಗಿ ಜಾಯಿಂಟ್ ಎಲ್ಲ ಕಡೆಗೂ ಸಮನಾಗಿ ತಿರುಗುತ್ತದೆ. ಗ್ರೀಸ್ ತುಂಬುವ ಬಾಯಿಯಾದ ನಿಪ್ಪಲ್ ಗ್ರೀಸ್ ಗನ್ನಿಗೆ ಎಟಕುವ ಕಡೆಗೆ ಇರಲಿ.

ಶಾಫ್ಟನ್ನು ಗುರುತಿಗೆ ಗುರುತು ಸೇರಿಸಿ ಎತ್ತಿ, ಫ್ಲ್ಯಾಂಜಿಗೆ ಕಂಪನಿ ಹೇಳಿದ ದರ್ಜೆಯ ಬೋಲ್ಟು ಮತ್ತು ಹೊಸ ಲಾಕ್ ನಟ್ಟುಗಳನ್ನೇ ಹಾಕಿ, ಟಾರ್ಕ್ ವ್ರೆಂಚಿನಿಂದ ಬಿಗಿದೆವು. ಇಲ್ಲಿ ಸಿಕ್ಕ ಬೋಲ್ಟು ತುರುಕುವುದು ಅಪಾಯಕಾರಿ. ಓಡುವ ಗಾಡಿಯಲ್ಲಿ ಶಾಫ್ಟಿನ ಮುಂದಿನ ತುದಿ ಕಳಚಿ ನೆಲಕ್ಕೆ ನಾಟಿದರೆ ಗಾಡಿಯೇ ಮಗುಚಬಹುದು. ಖಾಲಿ ಗಾಡಿಯನ್ನು ಒಂದಷ್ಟು ದೂರ ಓಡಿಸಿ ತಂದು ಅದೇ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿದೆವು. ಗಾಡಿ ಎತ್ತುವಾಗಿನ ಸದ್ದು ಇರಲಿಲ್ಲ.

ಗ್ರೀಸ್ ಹೊಡೆಯುವ ಕ್ರಮವನ್ನು ಮಾತ್ರ ಬದಲಾಯಿಸಿಕೊಂಡಿದ್ದೇವೆ. ಹೆಚ್ಚಿನ ಒತ್ತಡ ತಾಳುವ ಲಿಥಿಯಂ ಇ.ಪಿ. 2 ಗ್ರೀಸನ್ನು ನಾಲ್ಕೂ ಸೀಲುಗಳಿಂದ ಹೊಸದು ಹೊರಬರುವವರೆಗೆ ಹೊಡೆಯಬೇಕು. ಎರಡರಲ್ಲಿ ಬಂದು ಎರಡರಲ್ಲಿ ಬಾರದಿದ್ದರೆ ಶಾಫ್ಟನ್ನು ಅತ್ತಿತ್ತ ಅಲುಗಾಡಿಸಿ ಮತ್ತೆ ಹೊಡೆಯಬೇಕು, ಆಗಲೂ ಬಾರದಿದ್ದರೆ ಕಪ್ಪು ಕಳಚಿ ದಾರಿ ಬಿಡಿಸಬೇಕು. ಗಾಡಿ ತೊಳೆಸಿದ ದಿನವೇ, ನೀರು ಒಳಗೆ ನಿಲ್ಲುವ ಮೊದಲೇ, ಗನ್ ಹಿಡಿದು ಅಡಿಗೆ ಹೋಗಬೇಕೆಂದು ಕಾಕಾನೂ ಒಪ್ಪಿಕೊಂಡಿದ್ದಾರೆ.