ಕೆಳಗೆ ಜಾಗ ಇಲ್ಲ

ಭಾನುವಾರದಿಂದ ಅಪ್ಪನ ಮಾತೊಂದು ಕಿವಿಯಲ್ಲೇ ಕೂತಿದೆ. ಬಾಲ್ಕನಿಯಲ್ಲಿ ತೂಗುಹಾಕಿದ್ದ ಕುಂಡ ಇಳಿಸಿಕೊಂಡು, ಕಪ್ಪಗಾಗಿದ್ದ ಹೋಯಾ ಬಳ್ಳಿಯ ಕಡ್ಡಿಯನ್ನು ಮೆಲ್ಲಗೆ ಎಳೆದು, ಅದಕ್ಕಂಟಿದ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ ಅಂದರು: "ಮಣ್ಣಿಂದೇನೂ ತಪ್ಪಿಲ್ಲ ಕಣವ್ವ. ಇದಕ್ಕೆ ಕೆಳಗೆ ಜಾಗ ಇಲ್ಲ."

ಆ ಮಣ್ಣು ಅವರೇ ತಂದದ್ದು. ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟದ ಕೆಂಪು ಮಣ್ಣು. ಚೀಲಕ್ಕೆ ತುಂಬಿ ರೈಲಿನಲ್ಲಿ ಹೊತ್ತು ತಂದಿದ್ದರು, 78ರ ವಯಸ್ಸಿನಲ್ಲಿ. ಮಗಳು ಮಣ್ಣಿಗೆ ದುಡ್ಡು ಕೊಡುತ್ತಾಳೆ ಅನ್ನುವುದು ಅವರಿಗೆ ನುಂಗಲಾಗದ ಸಂಗತಿ.

ಐದು ವಾರದ ಹಿಂದೆ ಮನಿಪ್ಲಾಂಟ್, ಟರ್ಟಲ್ ವೈನ್, ಹೋಯಾ ಮೂರೂ ಬಳ್ಳಿಗಳ ಕಡ್ಡಿಗಳನ್ನು ಮೂರು ಬಗೆಯ ಮಣ್ಣಿನಲ್ಲಿ ನೆಟ್ಟಿದ್ದೆ. ಒಂದರಲ್ಲಿ ಅಪ್ಪನ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ. ಇನ್ನೊಂದರಲ್ಲಿ ಮಣ್ಣಿನ ಬದಲು ಬಳಸಲು ಅಂಗಡಿಯಲ್ಲಿ ಸಿಗುವ ಕೊಕೊಪೀಟ್ ಮಾತ್ರ. ಮೂರನೆಯದರಲ್ಲಿ ಎರಡು ಪಾಲು ಕೊಕೊಪೀಟ್, ಒಂದು ಪಾಲು ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು, ಒಂದು ಪಾಲು ಎರೆಗೊಬ್ಬರ, ಜೊತೆಗೆ ಒಂದು ಹಿಡಿ ಇದ್ದಿಲ ಚೂರು. ಟರ್ಟಲ್ ವೈನ್‌ಗೆ ಯಾವುದಾದರೂ ಸರಿ, ಗೆಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಮನಿಪ್ಲಾಂಟ್ ಕೂಡ ಮೂರರಲ್ಲೂ ಹಿಡಿಯಿತು, ಬರೀ ಕೊಕೊಪೀಟಿನಲ್ಲಿ ಮಾತ್ರ ಎಲೆ ಸ್ವಲ್ಪ ಪೇಲವ. ಅದರಲ್ಲಿ ಸಾರ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಪರೀಕ್ಷೆ ಮಾಡಿದ್ದು ಹೋಯಾ. ಕತ್ತರಿಸಿದರೆ ಹಾಲು ಸುರಿಸುವ ಬಳ್ಳಿ ಅದು, ಗಾಯ ಒಣಗಿಸಿಯೇ ನೆಡಬೇಕು. ಕಾಡಿನಲ್ಲಿ ಮರದ ಮೇಲೆ ಹಬ್ಬಿ ಬದುಕುವ ಜಾತಿ, ಬೇರಿಗೆ ಗಾಳಿಯಾಡದಿದ್ದರೆ ತಾಳುವುದಿಲ್ಲ. ಮೂರನೆಯ ಕುಂಡದಲ್ಲಿ ನಾಲ್ಕಕ್ಕೆ ನಾಲ್ಕೂ ಬೇರು ಬಿಟ್ಟವು. ಅಪ್ಪನ ಮಣ್ಣಿನಲ್ಲಿ ನಾಲ್ಕೂ ಕೊಳೆತವು.

ಪ್ರತಿ ಸಲ ಫೋನಿನಲ್ಲಿ "ನಮ್ ಮಣ್ಣಲ್ಲಿ ಬಂತಾ?" ಅಂತ ಕೇಳುತ್ತಿದ್ದರು. ನಾನು ಮನಿಪ್ಲಾಂಟಿನ ಸುದ್ದಿಯಷ್ಟೇ ಹೇಳುತ್ತಿದ್ದೆ.

ಕೆಳಗೆ ಜಾಗ ಇಲ್ಲ ಅನ್ನುವ ಅವರ ಮಾತು ಅಕ್ಷರಶಃ ಸರಿ. ತೋಟದಲ್ಲಿ ನೀರು ಇಳಿಯುತ್ತಾ ಹೋಗಲು ಆಳವಿದೆ. ಎರೆಹುಳು ಇದೆ, ಹಳೆಯ ಬೇರು ಕೊಳೆತು ಬಿಟ್ಟ ದಾರಿಗಳಿವೆ. ಆರಿಂಚಿನ ಕುಂಡದಲ್ಲಿ ಅದೇ ಮಣ್ಣು ನೀರು ಹಾಕಿದಷ್ಟೂ ಗಟ್ಟಿಯಾಗುತ್ತದೆ, ಸಂದುಗಳೆಲ್ಲ ಮುಚ್ಚುತ್ತವೆ, ತಳದಲ್ಲಿ ಪಸೆ ನಿಂತೇ ಇರುತ್ತದೆ. ತೂತಿದ್ದರೂ ಅಷ್ಟೇ.

ಆಮೇಲೆ ಕೊಕೊಪೀಟಿನ ಇಟ್ಟಿಗೆ ಕೈಗೆತ್ತಿಕೊಂಡರು. "ಇದು ನಮ್ ಕಾಯಿ ಮಟ್ಟೆ ಪುಡಿ ಅಲ್ವಾ?" ಹೌದು. ನಾರು ಬಿಡಿಸಿದ ಮೇಲೆ ಉದುರುವ ಪುಡಿ. ನಾವು ಮಟ್ಟೆಯನ್ನು ನೀರೊಲೆಗೆ ಹಾಕುತ್ತಿದ್ದೆವು, ಮಿಕ್ಕದ್ದನ್ನು ಮರದ ಬುಡಕ್ಕೆ. ಅದರಲ್ಲಿ ಪೊಟ್ಯಾಸಿಯಂ, ಸೋಡಿಯಂ ಲವಣ ಉಳಿದಿರುತ್ತದೆ, ನೆನೆಸಿ ಎರಡು ಮೂರು ಸಲ ನೀರು ಬಸಿಯದಿದ್ದರೆ ಎಳೆ ಬೇರು ಸುಡುತ್ತದೆ ಅಂತ ನಾನು ವಿವರಿಸಿದೆ. ಮಗಳಿಂದ ಪಾಠ ಹೇಳಿಸಿಕೊಂಡರು, ಒಂದಿಷ್ಟೂ ಬೇಸರವಿಲ್ಲದೆ. ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವುದರಲ್ಲಿ ಅವರಂಥವರನ್ನು ನಾನು ಕಂಡಿಲ್ಲ.

ಆದರೆ ಜಾಗ ಇಲ್ಲ ಅನ್ನುವ ಆ ಮಾತು ಕುಂಡದ್ದಷ್ಟೇ ಅಲ್ಲ ಅಂತ ನನಗೆ ಹೊಳೆದದ್ದು ರಾತ್ರಿ. ಅವ್ವ ಹೋದ ಮೇಲೆ ಅಪ್ಪ ಬೆಂಗಳೂರಿಗೇ ಬಂದುಬಿಡಲಿ, ತೋಟ ಗುತ್ತಿಗೆಗೆ ಕೊಡೋಣ ಅನ್ನುವುದು ತಮ್ಮನ ಹಟ. ಅವನಿಗೆ ಅಪ್ಪನ ಮೇಲೆ ಪ್ರೀತಿ ಬೇಕಾದಷ್ಟಿದೆ, ತಾಳ್ಮೆ ಇಲ್ಲ. ಇಷ್ಟು ದಿನ ನಾನೂ ತಲೆಯಾಡಿಸಿದ್ದೆ. ನನ್ನ ಮನೆ ಏಳನೇ ಮಹಡಿ, ಅವನದು ಹನ್ನೊಂದು. ಬಂದಾಗಲೆಲ್ಲ ಅಪ್ಪ ಮೂರನೇ ದಿನಕ್ಕೆ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಕೆಳಗೆ ನೋಡುತ್ತಾರೆ, ಮಾತು ಕಡಿಮೆ ಮಾಡುತ್ತಾರೆ. ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ. ನೀರು ಹಾಕಿದ್ದೇ ಹಾಕಿದ್ದು.

ಬುಧವಾರ ಊರಿಗೆ ಹೊರಟರು. ಹೊರಡುವ ಮುಂಚೆ ಹೋಯಾದ ಇನ್ನೆರಡು ಕಡ್ಡಿ ಕತ್ತರಿಸಿ, ಒಣಗಲು ಪೇಪರಿನ ಮೇಲಿಟ್ಟು, ಮೂರನೆಯ ಮಿಶ್ರಣಕ್ಕೆ ತಮ್ಮ ಮಣ್ಣನ್ನು ಒಂದೇ ಒಂದು ಹಿಡಿ ಸೇರಿಸಿ ಕೈಯಾರೆ ಕಲಸಿಟ್ಟರು. "ಇಷ್ಟು ಸಾಕು" ಅಂದರು. ನಿನ್ನೆ ನೆಟ್ಟೆ.

ಬರುವ ಭಾನುವಾರ ತಮ್ಮ ಗುತ್ತಿಗೆಯ ಮಾತು ಎತ್ತುತ್ತಾನೆ. ಈ ಸಲ ನಾನು ಅವನ ಕಡೆ ಇರುವುದಿಲ್ಲ.