ನಾವೇನು ಅಳ್ತಿದ್ವಾ?

ಶನಿವಾರ ಮಗನ ಬೇಸ್‌ಬಾಲ್ ಪಂದ್ಯ. ಮೂರನೇ ಇನಿಂಗ್ಸ್ ಹೊತ್ತಿಗೇ ಇವನ ತಂಡ 9 ರನ್ ಮುಂದಿತ್ತು. ಈ ವಯಸ್ಸಿನ ಹುಡುಗರ ಆಟದಲ್ಲಿ ಬ್ಯಾಟಿನಿಂದ ಬರುವ ರನ್ ಕಡಿಮೆ. ಬ್ಯಾಟ್ ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕೈತಪ್ಪಿ ಚೆಂಡು ಬೇಲಿವರೆಗೆ ಉರುಳಿದಾಗ, ಬೇಸ್‌ನಲ್ಲಿ, ಅಂದರೆ ಓಟದ ನಡುವೆ ನಿಲ್ಲುವ ಜಾಗದಲ್ಲಿ, ಇದ್ದವರು ಓಡಿ ಗಳಿಸುವುದೇ ಜಾಸ್ತಿ. ನಮ್ಮ ಕೋಚ್ ಕೈ ಅಡ್ಡ ಹಿಡಿದು ಓಟ ನಿಲ್ಲಿಸಿದರು. ಇನ್ನು ಚೆಂಡು ಹೊಡೆದಾಗ ಮಾತ್ರ ಓಡಬೇಕು ಅಂದರು.

ಎಷ್ಟು ದೊಡ್ಡತನ ಅನ್ನಿಸಿತು ನನಗೆ. ಆರು ಇನಿಂಗ್ಸ್ ಆಟ ಇದು. ಆದರೂ ನಾಲ್ಕು ಮುಗಿದಾಗ 10 ರನ್ ಅಂತರವಿದ್ದರೆ ಲಿಟಲ್ ಲೀಗ್ ಅನ್ನುವ ಈ ಮಕ್ಕಳ ಬೇಸ್‌ಬಾಲ್‌ನಲ್ಲಿ ಆಟ ಅಲ್ಲಿಗೇ ಮುಗಿಸುತ್ತಾರೆ. ಹಾಗೇ ಆಯಿತು. ಎರಡೂ ತಂಡದವರು ಸಾಲಾಗಿ ಬಂದು ಕೈ ತಟ್ಟಿ "ಗುಡ್ ಗೇಮ್, ಗುಡ್ ಗೇಮ್" ಅಂದರು. ನಾವು ಚಿಕ್ಕವರಿದ್ದಾಗ ಸೋತವರನ್ನು ಅವರ ಮನೆ ಬಾಗಿಲವರೆಗೂ ರೇಗಿಸಿಕೊಂಡು ಹೋಗುತ್ತಿದ್ದೆವು. ದೊಡ್ಡವರೂ ಕೇಳುತ್ತಿದ್ದದ್ದು ಒಂದೇ ಮಾತು, ಯಾರು ಗೆದ್ದರು?

ಎದುರು ತಂಡದ ಕ್ಯಾಚರ್ ನಮ್ಮ ಪಕ್ಕದ ಮನೆಯ ಹುಡುಗ. ಸಂಜೆ ಸೈಕಲ್ ನಿಲ್ಲಿಸಿ ನನ್ನನ್ನೇ ಕೇಳಿದ. "ನಿಮ್ಮ ಕೋಚ್ ಯಾಕೆ ತಡೆದ್ರು? ನಾವೇನು ಅಳ್ತಿದ್ವಾ? ಅವರು ಓಡಿದ್ರೆ ತಾನೇ ನಾನು ಔಟ್ ಮಾಡೋದು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗ ನೆನಪಾದದ್ದು ನಮ್ಮ ಮನೆಯ ಹಳೇ ಜಗಳ. 1980ರ ಬಾಂಬೆ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅವತ್ತು ನಾಯಕ. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಟೇಲರ್‌ನನ್ನು ವಾಪಸ್ ಕರೆದರು. ಟೇಲರ್, ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಚಿಕ್ಕಪ್ಪ ಇವತ್ತಿಗೂ "ಸುಮ್ನೆ ಇರಬೇಕಿತ್ತು" ಅಂತಾರೆ. ಅಪ್ಪನದು ಒಂದೇ ಮಾತು, "ಅವನು ಔಟೇ ಆಗಿರಲಿಲ್ಲವಲ್ಲೋ!"

ಅಪ್ಪನ ಕಡೆಗೇ ನಾನು. ಆದರೆ ವಿಶ್ವನಾಥ್ ಟೇಲರ್‌ಗೆ ತೋರಿಸಿದ್ದು ಕರುಣೆ ಅಲ್ಲ ಅನ್ನೋದು ಈಗ ಹೊಳೆಯುತ್ತಿದೆ. ನ್ಯಾಯವಾಗಿ ಅವನದಾಗಿದ್ದ ವಿಕೆಟ್ ಅವನಿಗೆ ಕೊಟ್ಟರು, ಅಷ್ಟೇ. ಪಕ್ಕದ ಮನೆ ಹುಡುಗ ಕೇಳಿದ್ದೂ ತನ್ನ ಪಾಲಿನ ಆಟವನ್ನೇ ಅಲ್ವಾ?

ಕೋಚ್ ಮಾಡಿದ್ದು ತಪ್ಪು ಅಂತ ಹೇಳಲಾರೆ. ಅಂಥ ಹೊತ್ತಲ್ಲಿ ಅಳುವ ಹುಡುಗರೂ ಇರುತ್ತಾರೆ. ಆದರೆ ಮುಂದಿನ ಸಲ ಓಟ ನಿಲ್ಲಿಸುವ ಮುಂಚೆ ಎದುರು ತಂಡದ ಕೋಚ್ ಹತ್ತಿರ ಒಂದು ಮಾತು ಕೇಳಿ ಅಂತ ಹೇಳಿ ನೋಡುತ್ತೇನೆ.