ಮಳೆ ಪುಸ್ತಕದ ಖಾಲಿ ಸಾಲುಗಳು

21 ಜುಲೈ 2024, ಭಾನುವಾರ
ಮಡಿಕೇರಿ

ಕೊಡಗಿನ ಮಳೆ ಮತ್ತು ಭೂಕುಸಿತದ ಮೇಲಿನ ನನ್ನ ಪಿಎಚ್‌ಡಿಯ ಆರು ತಿಂಗಳ ಪ್ರಗತಿ ವರದಿ ಬರೆಯುತ್ತಾ ಕೂತಿದ್ದೇನೆ. ಗೈಡ್ ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲೇಬೇಕು. "ಹವಾಮಾನ ಇಲಾಖೆಯ ಗ್ರಿಡ್ ಡೇಟಾ 1901ರಿಂದಲೂ ಇದೆ. ತೋಟದವರ ಮಳೆ ಪುಸ್ತಕ ಯಾಕಮ್ಮಾ?"

ಗ್ರಿಡ್ ಅಂದರೆ ನಕ್ಷೆಯನ್ನು ಚೌಕಗಳಾಗಿ ಹಂಚಿ, ಒಂದೊಂದು ಚೌಕಕ್ಕೂ ಮಳೆಯ ಒಂದೇ ಅಂಕಿ ಕೊಡುವುದು. ಅದರ ಒಂದು ಚೌಕ ಅಕ್ಷಾಂಶ, ರೇಖಾಂಶದ ಕಾಲು ಡಿಗ್ರಿ. ಒಂದು ಬದಿಯೇ ಸುಮಾರು 27 ಕಿಲೋಮೀಟರ್. ಕೊಡಗು ಇರುವುದು 4,102 ಚದರ ಕಿಲೋಮೀಟರ್. ಕೆಲವೇ ಚೌಕಗಳಲ್ಲಿ ಇಡೀ ಜಿಲ್ಲೆ ಮುಗಿದುಹೋಗುತ್ತದೆ. ಭಾಗಮಂಡಲದಲ್ಲಿ ಧೋ ಅಂತ ಸುರಿಯುವಾಗ ಕುಶಾಲನಗರದಲ್ಲಿ ಬರೀ ತುಂತುರು ಇರಬಹುದು. ಬೆಟ್ಟದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಇರುವ ವ್ಯತ್ಯಾಸ ಚೌಕದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಭೂಕುಸಿತ ಓದುವವಳಿಗೆ ಬೇಕಾದದ್ದು ಆ ವ್ಯತ್ಯಾಸವೇ.

ಇಲ್ಲಿನ ಕಾಫಿ ತೋಟಗಳಲ್ಲಿ ಮಳೆ ಅಳೆದು ಬರೆದಿಡುವುದು ಹಳೇ ರೂಢಿ. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿದ್ದರೆ ತಾನೇ ಫಸಲು! ಲೆಕ್ಕವೆಲ್ಲ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅದು ಸುಲಭ. ಕಷ್ಟ ಇರುವುದು ತಾರೀಖಿನಲ್ಲಿ.

ನಿನ್ನೆ ಮಕ್ಕಂದೂರು ಕಡೆಯ ಒಂದು ತೋಟಕ್ಕೆ ಹೋಗಿದ್ದೆ. "ಬೆಳಿಗ್ಗೆ ಅಳೆದದ್ದನ್ನು ಯಾವ ದಿನಕ್ಕೆ ಬರೀತೀರಿ ಅಜ್ಜಾ?" ಅಂತ ಕೇಳಿದೆ.

"ಮಳೆ ಬಂದದ್ದು ನಿನ್ನೆ ಅಲ್ವಾ ಮಗಾ? ನಿನ್ನೆಗೇ ಬರೆಯೋದು."

ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೇ ಹಾಕುತ್ತಾರೆ. ಎರಡಕ್ಕೂ ಒಂದು ದಿನದ ಅಂತರ. ಇದನ್ನು ಸರಿಮಾಡದೆ ಸುಮ್ನೆ ಜೋಡಿಸಿದರೆ, ಗುಡ್ಡ ಜಾರಿದ ಮೇಲೆ ಬಿದ್ದ ಮಳೆ ಅದಕ್ಕೂ ಮೊದಲೇ ಬಿದ್ದಂತೆ ಕಾಣುತ್ತದೆ. ಪ್ರತಿ ತೋಟದಲ್ಲೂ ಮೊದಲು ಇದನ್ನೇ ಕೇಳಬೇಕು.

ಆಮೇಲೆ ಅಜ್ಜ ಇಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಪುಟ ತೆಗೆದರು. ನಡುವೆ ಕೆಲವು ಸಾಲು ಖಾಲಿ. "ಆಗ ನಾವು ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿದ್ದೆವು. ಅಳೆಯೋದಕ್ಕೆ ಯಾರಿದ್ರು?" ಅಂದರು. ನನಗೆ ಮಾತೇ ಹೊರಡಲಿಲ್ಲ. ಎಕ್ಸೆಲ್‌ನಲ್ಲಿ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬುವುದು ಎಷ್ಟು ಸುಲಭ! ಹಾಗೆ ಮಾಡಿದರೆ ಈ ಊರು ಕಂಡ ಅತಿ ಕೆಟ್ಟ ದಿನಗಳು ಮಳೆಯೇ ಇಲ್ಲದ ದಿನಗಳಾಗುತ್ತವೆ.

ಆ ಸಾಲುಗಳಿಗೆ "ಅಳೆದಿಲ್ಲ" ಅಂತಲೇ ಬರೆಯುತ್ತೇನೆ, ಕಾರಣವನ್ನೂ ಸೇರಿಸುತ್ತೇನೆ. ಪ್ರಬಂಧದಲ್ಲಿ ಈ ಪುಸ್ತಕಗಳಿಗೆ ಪೂರ್ತಿ ಒಂದು ಅಧ್ಯಾಯ ಬೇಕು ಅಂತ ವರದಿಯಲ್ಲಿ ಕೇಳಿದ್ದೇನೆ. ಹಟ್ಟಿಹೊಳೆ ಕಡೆ ಇನ್ನೊಂದು ತೋಟದಲ್ಲಿ ಆ ವಾರದ ಲೆಕ್ಕ ಪೂರ್ತಿ ಇದೆಯಂತೆ. ಮಳೆ ಸ್ವಲ್ಪ ಬಿಟ್ಟರೆ ಮಂಗಳವಾರ ಹೋಗಬೇಕು.